ಆಟಿ ಅಮಾವಾಸ್ಯೆಯ ಕಷಾಯವನ್ನು ಚೆಲ್ಲಿದ ಬಗ್ಗೆ

ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ನಾನು ಗ್ರಾಮ ಪಂಚಾಯತ್ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು, ಈವರೆಗೆ ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದವಳಲ್ಲ. ಪತ್ರವಾದರೆ ಮೇಲೆ ವಿಷಯ, ಕೆಳಗೆ ಸಹಿ. ಎಲ್ಲಿ ಆರಂಭಿಸಿ ಎಲ್ಲಿ ನಿಲ್ಲಿಸಬೇಕೆಂಬುದು ಮೊದಲೇ ನಿಗದಿಯಾಗಿರುತ್ತದೆ. ಸ್ವಂತ ಮನೆಯ ಸಂಗತಿಯನ್ನು ಬರೆಯುವಾಗ ಆ ಅನುಕೂಲ ಇರುವುದಿಲ್ಲವೆಂಬುದು ಹಲವು ಸಲ ಬರೆದು ಅಳಿಸಿದ ಮೇಲೆ ತಿಳಿಯಿತು. ಆದಕಾರಣ ನನಗೆ ರೂಢಿಯಿರುವ ರೀತಿಯಲ್ಲೇ ಬರೆಯಲು ತೀರ್ಮಾನಿಸಿದ್ದೇನೆ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ವಿಷಯ ದೊಡ್ಡದಲ್ಲ. ಒಂದು ಬೆಳಿಗ್ಗೆ, ಒಂದು ಪಾತ್ರೆಯಲ್ಲಿದ್ದ ಕಷಾಯವನ್ನು ಮನೆಯವರಿಗೆ ಕುಡಿಯಲು ಕೊಡುವುದೋ ಬೇಡವೋ ಎಂಬುದಷ್ಟೇ. ಕಚೇರಿಯಲ್ಲಿ ಇಂತಹ ಸಂದರ್ಭ ಒದಗಿದರೆ ದಾರಿ ಸುಲಭ. ಪರವಾಗಿ ಇರುವುದನ್ನೂ ವಿರುದ್ಧವಾಗಿ ಇರುವುದನ್ನೂ ಬರೆದು, ಕೊನೆಯಲ್ಲಿ ‘ಸೂಕ್ತ ಆದೇಶಕ್ಕಾಗಿ ಸಲ್ಲಿಸಿದೆ’ ಎಂದು ಕಡತವನ್ನು ಮೇಲಕ್ಕೆ ಕಳುಹಿಸಬಹುದು. ಅಡುಗೆಮನೆಯಲ್ಲಿ ಮೇಲೆ ಯಾರೂ ಇರುವುದಿಲ್ಲ. ಇದ್ದರೆ ಮಾವ ಇರುತ್ತಾರೆ. ಆ ದಿನದ ಪ್ರಶ್ನೆ ಇದ್ದದ್ದೇ ಮಾವನವರ ಬಗ್ಗೆ.

ನನ್ನ ತವರು ಪಂಜದ ಕಡೆ. ಅಲ್ಲಿ ನಾವು ಅರೆಭಾಷೆ ಮಾತನಾಡುವವರು. ಕೊಟ್ಟ ಮನೆ ನೆಲ್ಯಾಡಿಯಿಂದ ಸ್ವಲ್ಪ ಒಳಗೆ, ಇಲ್ಲಿ ತುಳು. ಭಾಷೆ ಬೇರೆಯಾದರೂ ಆಟಿ ಅಮಾವಾಸ್ಯೆಯ ಕಹಿ ಎರಡೂ ಕಡೆ ಒಂದೇ. ಮಳೆ ಬಿಡದೆ ಹೊಯ್ಯುವ ಆ ತಿಂಗಳ ಅಮಾವಾಸ್ಯೆಯಂದು ಪಾಲೆ, ಅಂದರೆ ಹಾಲೆ ಮರದ ತೊಗಟೆಯ ಕಷಾಯವನ್ನು ಬರಿಹೊಟ್ಟೆಯಲ್ಲಿ ಕುಡಿಯುವುದು ನಮ್ಮ ಕಡೆಯ ಕ್ರಮ. ಕುಡಿದರೆ ವರ್ಷವಿಡೀ ರೋಗ ಹತ್ತಿರ ಬರುವುದಿಲ್ಲವೆಂಬ ನಂಬಿಕೆ. ತೊಗಟೆಯನ್ನು ಸೂರ್ಯ ಹುಟ್ಟುವ ಮೊದಲು, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತೆಗೆಯಬೇಕು. ಹೋಗುವವರು ಒಬ್ಬರೇ ಹೋಗಬೇಕು, ಬೆಳಕು ಹಿಡಿಯಬಾರದು, ದಾರಿಯಲ್ಲಿ ಯಾರಾದರೂ ಎದುರಾದರೆ ಮಾತನಾಡಬಾರದು. ಕತ್ತಲೆಯಲ್ಲಿ ಮರ ತಪ್ಪಬಾರದೆಂದು ಹಿಂದಿನ ಸಂಜೆಯೇ ಹೋಗಿ ಮರಕ್ಕೆ ಗುರುತು ಕಟ್ಟಿ ಬರುತ್ತಾರೆ. ಈ ಎಚ್ಚರಿಕೆಗೆ ಕಾರಣವಿದೆ. ನಮ್ಮ ಗುಡ್ಡಗಳಲ್ಲಿ ಕಾಸರಕನ ಮರವೂ ಬೆಳೆಯುತ್ತದೆ. ಅದು ವಿಷ. ಯಾರೋ ಎಲ್ಲೋ ಮರ ತಪ್ಪಿ ಅದರ ತೊಗಟೆ ತಂದು, ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದರೆಂಬ ಸುದ್ದಿಯನ್ನು ನಾವೆಲ್ಲ ಕೇಳಿಯೇ ಬೆಳೆದವರು.

ನಮ್ಮ ಮನೆಗೆ ತೊಗಟೆ ತರುವವರು ಮಾವ. ನಮ್ಮ ಮನೆಗೆ ಮಾತ್ರವಲ್ಲ, ಸುತ್ತಲಿನ ಕೆಲವು ಮನೆಗಳಿಗೂ ಅವರದೇ ಕಷಾಯ. ಪಕ್ಕದ ರಬ್ಬರ್ ತೋಟದ ಮಲಯಾಳ ಮಾತಿನ ಮನೆಯ ಚೇಚಿ, ಅಂದರೆ ನಾವೆಲ್ಲ ಅಕ್ಕನೆಂದು ಕರೆಯುವ ಹೆಂಗಸು, ಮದುವೆಯಾಗಿ ಇಲ್ಲಿಗೆ ಬಂದಂದಿನಿಂದ ತಂಬಿಗೆ ಹಿಡಿದುಕೊಂಡು ನಮ್ಮ ಜಗಲಿಗೆ ಬರುತ್ತಾರೆ. ವಯಸ್ಸಾದ ಮೇಲೆ ಮಾವನ ಕೆಲಸಗಳು ಒಂದೊಂದಾಗಿ ಬೇರೆಯವರ ಕೈಗೆ ಹೋಗಿವೆ. ಸ್ಕೂಟರ್ ಮಗನಿಗೆ ಹೋಯಿತು, ಬ್ಯಾಂಕಿಗೆ ಹೋಗುವುದು ನನಗೆ ಬಂತು, ಪಂಪಿನ ಸ್ವಿಚ್ಚು ಕೂಡ ಮೊಬೈಲಿಗೆ ಹೋಯಿತು. ಪಾಲೆ ಮಾತ್ರ ಅವರದಾಗಿಯೇ ಉಳಿದಿತ್ತು. ಆಟಿ ಹತ್ತಿರ ಬರುತ್ತಿದ್ದಂತೆ ಅವರ ನಡಿಗೆಯೇ ಬದಲಾಗುವುದನ್ನು ನಾನು ಗಮನಿಸಿದ್ದೇನೆ.

ಆ ವರ್ಷ ಎರಡು ಬದಲಾವಣೆಗಳಾಗಿದ್ದವು. ಮೊದಲನೆಯದಾಗಿ, ಅವರು ಪ್ರತಿ ವರ್ಷ ಹೋಗುತ್ತಿದ್ದ ಪಾಲೆ ಮರವು ಹೆದ್ದಾರಿ ಅಗಲವಾಗುವಾಗ ರಸ್ತೆಗೆ ಹೋಗಿತ್ತು. ಎರಡನೆಯದಾಗಿ, ಅವರ ಕಣ್ಣಿಗೆ ಪೊರೆ ಬಂದಿತ್ತು. ಪುತ್ತೂರಿನ ಕಣ್ಣಿನ ಡಾಕ್ಟರು ಪರೀಕ್ಷಿಸಿ, ಬೇಗ ಆಪರೇಶನ್ ಮಾಡಿಸುವುದು ಒಳ್ಳೆಯದೆಂದು ಹೇಳಿ ಒಂದು ದಿನ ಗೊತ್ತುಮಾಡಿದರು. ಆ ದಿನ ಆಟಿಯಲ್ಲಿ ಬರುತ್ತಿತ್ತು.

“ಆಟಿಯಲ್ಲಿ ಒಳ್ಳೆ ಕೆಲಸ ಮಾಡ್ಲಿಕ್ಕಿಲ್ಲ ಡಾಕ್ಟ್ರೆ. ಸೋಣ ಬರ್ಲಿ,” ಅಂದರು ಮಾವ. ಆಟಿ ಮುಗಿದು ಬರುವ ತಿಂಗಳು ಸೋಣ.

“ಪೊರೆಗೆ ಆಟಿಯೂ ಗೊತ್ತಿಲ್ಲ, ಸೋಣವೂ ಗೊತ್ತಿಲ್ಲ ಮಾರಾಯ್ರೆ,” ಅಂದರು ಡಾಕ್ಟರು.

“ಅದಕ್ಕೆ ಗೊತ್ತಿಲ್ಲದಿದ್ರೆ ಎಂತ? ನನಗೆ ಗೊತ್ತುಂಟಲ್ಲ.”

ಡಾಕ್ಟರು ನನ್ನ ಮುಖ ನೋಡಿದರು. ಒಂದು ತಿಂಗಳ ಮಾತು, ಅಷ್ಟರಲ್ಲಿ ಏನೂ ಆಗದು ಎಂದುಕೊಂಡು ನಾನು ಸುಮ್ಮನಾದೆ. ಬರುವಾಗ ಬಸ್ಸಿನಲ್ಲಿ ಮಾವ ಬೋರ್ಡುಗಳನ್ನು ಜೋರಾಗಿ ಓದುತ್ತ ಬಂದರು. ಅವು ಅವರಿಗೆ ಬಾಯಿಪಾಠ ಬರುವ ಬೋರ್ಡುಗಳೆಂಬುದು ನನಗೂ ತಿಳಿದಿತ್ತು.

ಅಮಾವಾಸ್ಯೆಯ ಹಿಂದಿನ ಸಂಜೆ, ತುಂಬಿ ಹರಿಯುವ ತೋಡಿನ ಆಚೆ ಬೇರೊಂದು ಪಾಲೆ ಮರವನ್ನು ನೋಡಿಟ್ಟಿದ್ದೇನೆ, ಗುರುತು ಕಟ್ಟಿ ಬರುತ್ತೇನೆ ಎಂದು ಅವರು ಬಾಳೆಯ ನಾರು ಹುಡುಕುತ್ತಿದ್ದರು. ಮೊದಲಿನಿಂದಲೂ ಗುರುತಿಗೆ ಬಾಳೆನಾರೇ. ನಾನು ನನ್ನ ಬುದ್ಧಿವಂತಿಕೆಯನ್ನು ಉಪಯೋಗಿಸಿದೆ.

“ಈ ಮಳೆಗೆ ನಾರು ಕೊಳೆತು ಬಿದ್ದೀತು ಮಾವ. ಕತ್ತಲೆಯಲ್ಲಿ ಕೈಗೂ ಸಿಗ್ಲಿಕ್ಕಿಲ್ಲ. ಪ್ಲಾಸ್ಟಿಕ್ ಕಟ್ಟಿ,” ಎಂದು ಗೊಬ್ಬರದ ಚೀಲದಿಂದ ಒಂದು ಉದ್ದನೆಯ ಪಟ್ಟಿಯನ್ನು ಕತ್ತರಿಸಿ ಕೊಟ್ಟೆ.

ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, “ಹೌದು, ಇದು ಕೈಗೆ ಗೊತ್ತಾಗ್ತದೆ,” ಅಂದರು. ಕೊಡೆ ಹಿಡಿದು ಹೋಗಿ, ಕಟ್ಟಿ ಬಂದರು.

ಮರುದಿನ ನಾನು ಎದ್ದು ಅಡುಗೆಮನೆಗೆ ಬರುವಷ್ಟರಲ್ಲಿ ತೊಗಟೆ ಬಂದಾಗಿತ್ತು. ಅತ್ತೆ ಅದನ್ನು ಅರೆಯುವ ಕಲ್ಲಿನ ಮೇಲೆ ಓಮ, ಕರಿಮೆಣಸು, ಬೆಳ್ಳುಳ್ಳಿಯ ಜೊತೆ ಜಜ್ಜಿ ರಸ ಹಿಂಡುತ್ತಿದ್ದರು. ಕಟ್ಟಿಗೆಯ ಒಲೆಯ ಕೆಂಡದಲ್ಲಿ ಬಿಳಿ ಬೆಣಚುಕಲ್ಲು ಕಾಯುತ್ತಿತ್ತು. ಕಾದ ಕಲ್ಲನ್ನು ರಸಕ್ಕೆ ಹಾಕಿ ಚುಂಯ್ ಎನ್ನಿಸಿದರೆ ಕಷಾಯ ಸಿದ್ಧ. ಪಕ್ಕದಲ್ಲಿ ಕಹಿಯ ಮೇಲೆ ಕುಡಿಯಲಿಕ್ಕೆಂದು ಮೆಂತೆ ಗಂಜಿ. ನನ್ನ ಯಜಮಾನರು ಬಸ್ ಚಾಲಕರಾಗಿದ್ದು ಆ ದಿನ ಕರ್ತವ್ಯದ ಮೇಲಿದ್ದರು. ಎರಡನೇ ತರಗತಿಯ ಮಗಳು, ಕುಡಿಯದೆ ತಪ್ಪಿಸಿಕೊಳ್ಳುವ ದಾರಿಯನ್ನು ಯೋಚಿಸುತ್ತ ಕಂಬಳಿಯೊಳಗೆ ಎಚ್ಚರವಾಗಿದ್ದಳು.

ಅತ್ತೆ ಬೆರಳಿಗೆ ಅಂಟಿದ್ದನ್ನು ನಾಲಿಗೆಗೆ ತಾಗಿಸಿ, “ಈ ಸಲ ಕಹಿಯೇ ಇಲ್ಲ ಅಲ್ವಾ?” ಅಂದರು.

“ಹೊಸ ಮರ. ನೆಲದ ಗುಣ,” ಅಂದರು ಬಾಗಿಲಲ್ಲಿ ನಿಂತಿದ್ದ ಮಾವ, ತಲೆ ಒರೆಸಿಕೊಳ್ಳುತ್ತ.

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಪಾಲೆಗೆ ಕಹಿ ಇಲ್ಲವೆಂದರೇನು? ಉಪ್ಪಿಗೆ ಉಪ್ಪಿಲ್ಲವೆಂದ ಹಾಗೆ. ಅದು ಪಾಲೆಯಲ್ಲವೆಂದಾದರೆ ಮತ್ತೇನು? ಒಂದು ತುಂಡು ಎತ್ತಿ ನೋಡಿದೆ. ಬಿಳಿ ಹಾಲು ಒಸರಿ ಅಂಟಾಗಿತ್ತು. ಪಾಲೆಗೂ ಹಾಲಿದೆ, ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಜಜ್ಜಿ ಹೋದ ತೊಗಟೆಯನ್ನು ನೋಡಿ ಮರವನ್ನು ಹೇಳುವಷ್ಟು ತಿಳಿವಳಿಕೆ ನನಗಿಲ್ಲ.

“ಮಾವ, ಮರ ಯಾವುದು?”

“ಪಾಲೆ. ಮತ್ತೆಂತ ಹಲಸಿನದ್ದಾ?”

“ಅಲ್ಲ, ಕತ್ತಲೆಯಲ್ಲಿ ಸರಿ ಕಂಡಿತಾ ಅಂತ.”

“ಕಾಣ್ಲಿಕ್ಕೆ ಎಂತ ಉಂಟು? ಗುರುತು ಕೈಗೆ ಸಿಕ್ಕಿತು, ಜಜ್ಜುವಾಗ ಹಾಲು ಬಂತು. ಇನ್ನೆಂತ ಬೇಕು ನಿಂಗೆ, ಮರದ ಆಧಾರ್ ಕಾರ್ಡಾ?”

ಅತ್ತೆ ನಕ್ಕರು. ನನಗೂ ನಗು ಬರುವುದರಲ್ಲಿತ್ತು. ನಕ್ಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಲ್ಲು ಕೆಂಪಾಗಿತ್ತು, ಲೋಟಗಳು ಸಾಲಾಗಿ ಕುಳಿತಿದ್ದವು. ಪರವಾಗಿ ಇದ್ದದ್ದು ಬಹಳ. ಇಷ್ಟು ವರ್ಷ ಇವರು ತಂದದ್ದನ್ನು ಕುಡಿದವರಿಗೆ ಯಾರಿಗೂ ಏನೂ ಆಗಿಲ್ಲ. ಗುರುತು ಕಟ್ಟಿದ್ದಾರೆ. ಹಾಲು ಬಂದಿದೆ. ವಿರುದ್ಧವಾಗಿ ಇದ್ದದ್ದು ಒಂದು ಪೊರೆ ಬಂದ ಕಣ್ಣು, ಅತ್ತೆಯ ನಾಲಿಗೆಯ ಒಂದು ಮಾತು, ಮತ್ತು ಕಂಬಳಿಯೊಳಗಿನ ಮಗಳು. ಪುಟದಲ್ಲಿ ಬರೆದರೆ ಒಂದು ಬದಿ ಉದ್ದವಾಗುತ್ತಿತ್ತು. ಆದರೆ ತೂಗಿದ್ದು ಇನ್ನೊಂದು ಬದಿ.

“ಬೇಡ ಮಾವ. ಈ ಸಲ ಬೇಡ. ನಿಮ್ಮ ಕಣ್ಣು ಸರಿ ಇಲ್ಲ,” ಎಂದೆ.

ಇದಕ್ಕಿಂತ ನಯವಾದ ವಾಕ್ಯಗಳು ಇದ್ದವು. ಆ ಹೊತ್ತಿಗೆ ಯಾವುದೂ ಬರಲಿಲ್ಲ.  ಮಾವ ಒಳಗೆ ಬಂದು ಒಂದು ಲೋಟ ಎತ್ತಿಕೊಂಡರು.

“ನಾನು ಮೊದಲು ಕುಡಿತೇನೆ. ನೀವೆಲ್ಲ ಕೂತು ನೋಡಿ. ಬದುಕಿದ್ರೆ ನೀವೂ ಕುಡೀರಿ. ಸತ್ತರೆ ಬೊಜ್ಜದ ಊಟಕ್ಕೆ ಪಾಯಸ ಎರಡು ಬಗೆ ಮಾಡಿ.”

“ಅಮಾವಾಸ್ಯೆ ದಿನ ಬಾಯಿಗೆ ಬಂದದ್ದು ಮಾತಾಡ್ಬೇಡಿ ನೀವು!” ಅಂದರು ಅತ್ತೆ.

“ಅವಳು ಮಾತಾಡ್ಬಹುದು, ನಾನು ಮಾತಾಡ್ಬಾರ್ದಾ?”

ಅವರು ಹೇಳಿದ್ದನ್ನು ಮಾಡುವವರು. ಪಾತ್ರೆಗೆ ಲೋಟ ಮುಳುಗಿಸಲು ಬಾಗಿದರು. ನಾನು ಅವರಿಗಿಂತ ಮೊದಲು ಪಾತ್ರೆಯನ್ನು ಎಳೆದುಕೊಂಡು, ಹಿಂಬದಿಯ ಬಾಗಿಲಿನಿಂದ ಅಂಗಳಕ್ಕೆ ಚೆಲ್ಲಿದೆ. ಮಳೆನೀರು ಅದನ್ನು ಆ ಕ್ಷಣವೇ ಕೊಂಡುಹೋಯಿತು.

ಮಾವ ಖಾಲಿ ಲೋಟವನ್ನು ಕೆಳಗಿಟ್ಟರು. ಎಸೆಯಲಿಲ್ಲ, ಸದ್ದೂ ಮಾಡಲಿಲ್ಲ. ಹೋಗಿ ಜಗಲಿಯಲ್ಲಿ ಬೆನ್ನು ತಿರುಗಿಸಿ ಕುಳಿತರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬರಿದಾದ ಪಾತ್ರೆಯನ್ನು ಒಲೆಯ ಬದಿಗೆ ಬೋರಲಿಟ್ಟೆ. ಆಗ ಹೊಳೆದ ಒಂದು ಸಂಗತಿಯನ್ನು ಇಲ್ಲಿ ದಾಖಲಿಸುತ್ತೇನೆ. ಚೆಲ್ಲಿದ್ದು ವಿವೇಕದ ಕೆಲಸವೆಂದು ಯಾರಾದರೂ ಹೇಳಬಹುದು. ಆದರೆ ಆ ಪಾತ್ರೆಯನ್ನು ಎಳೆದದ್ದು ನನ್ನ ವಿವೇಕವಲ್ಲ, ಬರೀ ಭಯ. ವಿವೇಕ ಇನ್ನೂ ಪರ–ವಿರೋಧಗಳನ್ನು ಬರೆಯುತ್ತಲೇ ಇತ್ತು.

ಅಷ್ಟರಲ್ಲಿ ಗೇಟಿನ ಸದ್ದಾಯಿತು. ಚೇಚಿ, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ತಂಬಿಗೆ.

“ಕಷಾಯ ಆಯ್ತಾ ಗೌಡ್ರೆ? ನಮ್ಮ ಮನೆಯವರು ಎದ್ದು ಕೂತಿದ್ದಾರೆ, ಚಾಯ ಕೂಡ ಕೊಡ್ಲಿಲ್ಲ ನಾನು.”

ಮಾವ ತಿರುಗಿ ನೋಡಲಿಲ್ಲ. ಅವರ ಕುತ್ತಿಗೆಯ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು. ಈಗ ನಾನು ‘ಮಾವನಿಗೆ ಮರ ತಪ್ಪಿದೆಯೋ ಎಂದು ಸಂಶಯ’ ಎಂದರೆ ಅದು ಮಧ್ಯಾಹ್ನದೊಳಗೆ ಎಲ್ಲ ಮನೆಗಳನ್ನೂ ತಲುಪುತ್ತದೆ. ಮುಂದಿನ ಆಟಿಗೆ ಯಾರೂ ತಂಬಿಗೆ ತರುವುದಿಲ್ಲ. ಹೇಳದೆ ಇದ್ದರೆ ಚೇಚಿ ಕಾಯುತ್ತಾರೆ. ಆಶ್ಚರ್ಯವೆಂದರೆ, ಒಳಗೆ ಅಷ್ಟು ಹೆದರಿದವಳಿಗೆ ಇಲ್ಲಿ ತಲೆ ತಣ್ಣಗೆ ಕೆಲಸ ಮಾಡಿತು.

“ನನ್ನ ಕೈಯಿಂದ ಚೆಲ್ಲಿ ಹೋಯ್ತು ಚೇಚಿ. ಇಡೀ ಪಾತ್ರೆ. ಇನ್ನೊಮ್ಮೆ ಆಗ್ಬೇಕಷ್ಟೆ. ಸ್ವಲ್ಪ ಹೊತ್ತು ಕಾಯ್ತೀರಾ?”

ಈ ವಾಕ್ಯದಲ್ಲಿ ಅಸತ್ಯವಿರಲಿಲ್ಲ. ಪೂರ್ಣ ಸತ್ಯವೂ ಇರಲಿಲ್ಲ. ಕಚೇರಿಯಲ್ಲಿ ಇಂತಹ ವಾಕ್ಯಗಳನ್ನು ನಾನು ಬಹಳ ಬರೆದಿದ್ದೇನೆ. ಅವು ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು.

“ಅಯ್ಯೋ ದೇವರೇ! ಗೌಡ್ರು ಕತ್ತಲೆಯಲ್ಲಿ ಹೋಗಿ ತಂದದ್ದನ್ನು! ಎಂತ ಕೈ ಮಾರಾಯ್ತಿ ನಿಂದು, ಜಾರುಬಂಡೆಯಾ?” ಎಂದು ಚೇಚಿ ನನಗೆ ಸಾಕಷ್ಟು ಹೇಳಿ, ಅತ್ತೆಯೊಡನೆ ಮಾತನಾಡಲು ಒಳಗೆ ಹೋದರು.

ಮಾವ ಸ್ವಲ್ಪ ಹೊತ್ತಿನ ಮೇಲೆ ಗೋಡೆಗೆ ಒರಗಿಸಿದ್ದ ಕೊಡೆ ತೆಗೆದುಕೊಂಡು ಎದ್ದರು. ನನ್ನ ಮುಖ ನೋಡದೆ, “ಬಾ. ಮರ ತೋರಿಸ್ತೇನೆ,” ಅಂದರು.

ತೊಗಟೆ ತರಲು ಒಬ್ಬರೇ ಹೋಗಬೇಕೆಂಬ ಕ್ರಮ ಅಲ್ಲಿಗೆ ಮುರಿಯಿತು. ನಾನು ಚಪ್ಪಲಿ ಹಾಕಿಕೊಂಡು ಹಿಂದೆ ನಡೆದೆ. ಬೆಳಕು ಹರಿಯುತ್ತಿತ್ತಾದರೂ ಮೋಡ ದಟ್ಟವಾಗಿತ್ತು. ತೋಡಿಗೆ ಅಡ್ಡ ಹಾಕಿದ ಹಲಗೆಯ ಸಂಕವನ್ನು ಮಾವ ದಾಟಿದ ರೀತಿಯನ್ನು ನೋಡಿದೆ: ಕಣ್ಣಿನಿಂದಲ್ಲ, ಪಾದದಿಂದ. ಒಂದೊಂದು ಹೆಜ್ಜೆಗೂ ಮೊದಲು ಹಲಗೆಯನ್ನು ಮುಟ್ಟಿ ನೋಡುತ್ತಿದ್ದರು. ಹಿಂದಿನ ಸಂಜೆಯೂ, ಆ ದಿನದ ಕತ್ತಲೆಯಲ್ಲೂ ಅವರು ಹೀಗೆಯೇ ದಾಟಿದ್ದಾರೆಂದು ಯೋಚಿಸಿ, ಅವರ ಕೈಯ ಕೊಡೆಯನ್ನು ತೆಗೆದುಕೊಂಡು ಇಬ್ಬರಿಗೂ ನಾನೇ ಹಿಡಿದೆ.

ತೋಡಿನ ಆಚೆ ಬದಿ ಚೇಚಿಯವರ ರಬ್ಬರ್ ತೋಟದ ಅಂಚು. ಅದನ್ನು ದಾಟಿದರೆ ಗುಡ್ಡೆ. ಮಾವ ಅಂಚಿನಲ್ಲಿದ್ದ ಒಂದು ಮರದ ಬುಡದಲ್ಲಿ ನಿಂತು, ಕಾಂಡಕ್ಕೆ ಕೈಯಿಟ್ಟು, “ಇಗೋ. ಪ್ಲಾಸ್ಟಿಕ್ ಉಂಟಾ? ಜಜ್ಜಿದ ಜಾಗ ಉಂಟಾ?” ಅಂದರು.

ಪ್ಲಾಸ್ಟಿಕ್ ಇತ್ತು. ಜಜ್ಜಿದ ಜಾಗವೂ ಇತ್ತು. ಆ ಮರದ ಇನ್ನೊಂದು ಬದಿಯಲ್ಲಿ ಹಾಲು ಇಳಿಸುವ ಓರೆ ಗೆರೆಗಳೂ ತಂತಿಯಲ್ಲಿ ನೇತಾಡುವ ಚಿಪ್ಪೂ ಇದ್ದವು. ಮಳೆಗಾಲದಲ್ಲಿ ರಬ್ಬರ್ ಮರದ ಗೆರೆಗಳಿಗೆ ನೀರಿಳಿಯದಂತೆ ಪ್ಲಾಸ್ಟಿಕ್ ಹೊದಿಸುತ್ತಾರೆ. ಸಾಲಿನ ಎಲ್ಲ ಮರಗಳೂ ಲಂಗ ಉಟ್ಟಂತೆ ನಿಂತಿದ್ದವು. ಈ ಮರದ್ದು ಹರಿದು, ಕಟ್ಟಿದ ಪಟ್ಟಿ ಮಾತ್ರ ಉಳಿದಿತ್ತು. ಕತ್ತಲೆಯಲ್ಲಿ ಪ್ಲಾಸ್ಟಿಕ್ ಕೈಗೆ ಸಿಕ್ಕಿದೆ. ಜಜ್ಜಿದಾಗ ಹಾಲು ಬಂದಿದೆ. ಬಾಳೆನಾರು ಕಟ್ಟಿದ್ದರೆ ಇಡೀ ಸಾಲಿನಲ್ಲಿ ಯಾವ ಮರವೂ ಅವರಿಗೆ ಮೋಸ ಮಾಡುತ್ತಿರಲಿಲ್ಲ. ಪ್ಲಾಸ್ಟಿಕ್ಕು ನನ್ನ ಸಲಹೆ.

 ನಾನು ಉಂಟೆನ್ನದಿದ್ದುದರಿಂದಲೇ ಅವರಿಗೆ ತಿಳಿಯಿತೆಂದು ಕಾಣುತ್ತದೆ. ಅವರ ಕೈ ನಿಧಾನವಾಗಿ ಕಾಂಡವನ್ನು ಸುತ್ತಿ ಹೋಗಿ, ಗೆರೆಗಳನ್ನು ಮುಟ್ಟಿ, ಚಿಪ್ಪನ್ನು ಮುಟ್ಟಿ, ಅಲ್ಲಿಯೇ ನಿಂತಿತು. ಜಜ್ಜಿದ ಜಾಗದಲ್ಲಿ ಒಣಗಿದ ಹಾಲಿನ ಎಳೆಯೊಂದನ್ನು ಕಿತ್ತು ಎರಡೂ ಕೈಯಲ್ಲಿ ಎಳೆದರು. ಅದು ಉದ್ದವಾಗಿ, ಬಿಟ್ಟಾಗ ಟಪ್ಪೆಂದು ಹಿಂದಕ್ಕೆ ಬಂತು.

ಎಳೆಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ, “ಇವತ್ತು ನಾವು ಟಯರಿನ ಕಷಾಯ ಕುಡೀಲಿಕ್ಕಿತ್ತು ಮಗಾ,” ಅಂದರು.

ಇಬ್ಬರೂ ನಗಲಿಲ್ಲ. ಅವರ ಧ್ವನಿ ನಗುವವರ ಧ್ವನಿಯಾಗಿರಲಿಲ್ಲ. “ವಿಷದ ಮರ ಆಗಿದ್ರೂ ಹೀಗೆಯೇ ತರ್ತಿದ್ದೆ,” ಎಂದು ಮೆಲ್ಲಗೆ ಸೇರಿಸಿದರು. “ಆ ಕೂಸಿಗೂ ಕೊಡ್ತಿದ್ದೆ.”

 “ಪ್ಲಾಸ್ಟಿಕ್ ಕೊಟ್ಟದ್ದು ನಾನು,” ಎಂದೆ. ಅವರು ಕೊಡೆಯನ್ನು ಸ್ವಲ್ಪ ನನ್ನ ಕಡೆಗೆ ಸರಿಸಿದರು.

ಅವರು ಕಟ್ಟಿದ ಪಟ್ಟಿ ಸಾಲು ದಾಟಿ ಸ್ವಲ್ಪವೇ ಮುಂದೆ, ಗುಡ್ಡೆ ಹತ್ತುವಲ್ಲಿ ಸಿಕ್ಕಿತು. ಪಾಲೆಯೇ. ಕೆಳಗೆ ಬಾಗಿದ ಕೊಂಬೆಯನ್ನು ಎಳೆದು ನನಗೆ ಎಲೆ ತೋರಿಸಿದರು. ಒಂದೇ ಕಡೆಯಿಂದ ಸುತ್ತಲೂ ಹೊರಟು, ಬಿಡಿಸಿದ ಅಂಗೈಯ ಬೆರಳುಗಳಂತೆ ಹರಡಿದ ಎಲೆಗಳು. “ಇದನ್ನು ನೋಡ್ಬೇಕು. ಹಾಲು ಮಾತ್ರ ನೋಡಿದ್ರೆ ಸಾಲದು. ನನ್ನ ಅಪ್ಪ ಹೇಳಿದ್ದು. ಕಣ್ಣಿದ್ದಾಗ ಇದೆಲ್ಲ ನೆನಪು ಮಾಡುವ ಅಗತ್ಯವೇ ಬರ್ಲಿಲ್ಲ.”

“ಸೂರ್ಯ ಹುಟ್ಟಿ ಆಯ್ತಲ್ಲ ಮಾವ, ಈಗ ತೆಗೆದರೆ ಆಗ್ತದಾ?” ಎಂದು ಕೇಳಿದೆ.

ಅವರು ಆಕಾಶದ ಕಡೆ ಮುಖವೆತ್ತಿದರು. “ಎಲ್ಲಿ ಉಂಟು ಸೂರ್ಯ? ನಿಂಗೆ ಕಾಣ್ತದಾ? ನಂಗಂತೂ ಕಾಣುದಿಲ್ಲ,” ಎಂದು ಕಲ್ಲು ಹುಡುಕಲು ಬಾಗಿದರು.

ಮನೆಗೆ ಬಂದಾಗ ಚೇಚಿ ಜಗಲಿಯಲ್ಲಿ ಕಾಯುತ್ತಿದ್ದರು. ನಾನು ಮುಂದಿನ ವಾಕ್ಯವನ್ನು ಮನಸ್ಸಿನಲ್ಲಿ ಸಿದ್ಧಪಡಿಸಿಕೊಂಡೇ ಬಂದಿದ್ದೆ: ಮೊದಲಿನ ತೊಗಟೆ ಸಾಲಲಿಲ್ಲ, ಅದಕ್ಕೆ ಹೋಗಿದ್ದೆವು ಎಂದು. ಮಾವ ಅದಕ್ಕೆ ಅವಕಾಶ ಕೊಡಲಿಲ್ಲ.

“ಚೇಚೀ, ಇವಳ ಕೈ ಜಾರಿದ್ದಲ್ಲ. ನಾನು ನಿಮ್ಮ ರಬ್ಬರ್ ಮರ ಜಜ್ಜಿ ತಂದಿದ್ದೆ. ಇವಳು ಚೆಲ್ಲಿದ್ದು.”

ಚೇಚಿ ನನ್ನ ಮುಖ ನೋಡಿದರು, ಮಾವನ ಕಣ್ಣು ನೋಡಿದರು. ಆಮೇಲೆ ತಂಬಿಗೆಯನ್ನು ಎದೆಗೆ ಒತ್ತಿಕೊಂಡು ನಗಲು ಆರಂಭಿಸಿದರು. “ಯಾವ ಮರ ಗೌಡ್ರೆ? ಅಂಚಿನದ್ದಾ? ಅದರಲ್ಲಿ ನಮಗೇ ಹಾಲು ಬರುದಿಲ್ಲ, ನಿಮಗೆ ಬಂತಾ? ನಾಳೆಯಿಂದ ನೀವೇ ಟ್ಯಾಪಿಂಗಿಗೆ ಬನ್ನಿ!”

ಒಳಗಿನಿಂದ ಅತ್ತೆಯ ನಗುವೂ ಕೇಳಿತು. “ನಾನು ಹೇಳಿದೆ ಅಲ್ವಾ ಕಹಿ ಇಲ್ಲ ಅಂತ!” ಮಾವನೂ ನಕ್ಕರು, ಎಲ್ಲರಿಗಿಂತ ಕೊನೆಗೆ. ನಕ್ಕ ಮೇಲೆ ಚೇಚಿಯ ತಂಬಿಗೆಯನ್ನು ತಾವೇ ಕೇಳಿ ಪಡೆದು, ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟರು. ಚೇಚಿ ತಂಬಿಗೆಯನ್ನು ಹಿಂದಕ್ಕೆ ಕೇಳಲಿಲ್ಲ. ನಾನು ಬಚ್ಚಿಟ್ಟು ಉಳಿಸಲು ಹೊರಟ ಅವರ ಮರ್ಯಾದೆ, ಅವರೇ ಹೇಳಿದ್ದರಿಂದ ಉಳಿಯಿತೆಂದು ಈಗ ಅನ್ನಿಸುತ್ತದೆ. ಆದರೆ ಬೆಳಿಗ್ಗೆ ನಾನೇ ಜಗಲಿಯಲ್ಲಿ ಹೇಳಿಬಿಟ್ಟಿದ್ದರೆ, ಅವರಿಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ.

ಕಲ್ಲು ಮತ್ತೆ ಕಾಯಿತು, ಚುಂಯ್ ಎಂದಿತು. ಮಗಳು ಒಂದು ಗುಟುಕಿಗೆ ಮುಖ ಕಿವುಚಿ ಮೈಯೆಲ್ಲ ಕೊಡವಿದಳು. “ಹಾಂ, ಈಗ ಸರಿ!” ಎಂದು ಮಾವ ತೃಪ್ತಿಯಿಂದ ತಮ್ಮ ಲೋಟ ಎತ್ತಿದರು. ಕಣ್ಣಿನ ಆಪರೇಶನ್ ಸೋಣಕ್ಕೇ ಆಯಿತು, ಆಟಿಯಲ್ಲಿ ಮಾಡಿಸಲು ಅವರು ಕೊನೆಗೂ ಒಪ್ಪಲಿಲ್ಲ. ಆದರೆ ಸೋಣದ ಮೊದಲ ವಾರಕ್ಕೆ ದಿನ ಕೇಳಲು ನನ್ನಿಂದ ಅಂದೇ ಫೋನು ಮಾಡಿಸಿದರು.

ಮುಂದಿನ ಆಟಿಯ ಬಗ್ಗೆಯೂ ಇಲ್ಲಿ ತಿಳಿಸುವುದು ಸೂಕ್ತ. ಮಾವನ ಕಣ್ಣು ಆಗ ಚೆನ್ನಾಗಿ ಕಾಣುತ್ತಿತ್ತು. ಹಿಂದಿನ ಸಂಜೆ ಬಾಳೆನಾರನ್ನೇ ಕಟ್ಟಿ ಬಂದರು, ಬೆಳಿಗ್ಗೆ ಒಬ್ಬರೇ ಹೋದರು. ನಾನು ಏನೂ ಕೇಳಬಾರದೆಂದು ನಿಶ್ಚಯಿಸಿ ಒಲೆಯ ಮುಂದೆ ಕುಳಿತಿದ್ದೆ. ಕೇಳದಿರುವುದು ಸುಲಭವಾಗಿರಲಿಲ್ಲ; ಮಗಳ ಲೋಟವೂ ಆ ಸಾಲಿನಲ್ಲಿತ್ತು. ಅವರು ಬಂದು, ತೊಗಟೆಯ ಕಟ್ಟನ್ನು ಅತ್ತೆಯ ಹತ್ತಿರ ಇಟ್ಟು, ಒದ್ದೆ ಅಂಗಿಯ ಜೇಬಿನಿಂದ ಒಂದು ಎಳೆಯ ಕೊಂಬೆಯ ತುದಿಯನ್ನು ತೆಗೆದು ನನ್ನ ಮುಂದೆ ಇಟ್ಟರು. ಅಂಗೈಯ ಬೆರಳುಗಳಂತೆ ಹರಡಿದ ಪಾಲೆಯ ಎಲೆಗಳು. ಯಾರೂ ಕೇಳದೆ ಕೊಟ್ಟ ಲಗತ್ತು.

ನಾನು ಅದನ್ನು ಎತ್ತಿ, ತಿರುಗಿಸಿ, ಒಲೆಯ ಬೆಳಕಿಗೆ ಹಿಡಿದು ನೋಡಿದೆ. ನೋಡುವುದನ್ನು ಅವರು ನೋಡುತ್ತಿದ್ದರು.

“ಸರಿ ಉಂಟಾ?” ಅಂದರು.

“ಸರಿ ಉಂಟು ಮಾವ,” ಎಂದು ಲೋಟಗಳನ್ನು ಹತ್ತಿರಕ್ಕೆ ಸರಿಸಿದೆ.